ಜಮೀನಿನ ಜೊತೆಗೆ ಬಂದ ಮರದ ಮನೆ

ಮೊದಲ ಭೇಟಿಯಲ್ಲಿ ಆ ದಂಪತಿ ನನ್ನ ಮುಂದೆ ಇಟ್ಟದ್ದು ಎರಡು ಕಾಗದ. ಒಂದು ವಿದ್ಯುತ್ ಬಿಲ್, ಇನ್ನೊಂದು ಆಸ್ತಿ ತೆರಿಗೆಯ ರಸೀದಿ. ಎರಡರಲ್ಲೂ ಅವರು ಕೊಳ್ಳಲು ಹೊರಟಿದ್ದ ಜಮೀನಿನ ಮೇಲಿದ್ದ ಮರದ ಮನೆಯ ಉಲ್ಲೇಖವಿತ್ತು. "ಸರಕಾರವೇ ಹಣ ತೆಗೆದುಕೊಂಡ ಮೇಲೆ ಮನೆ ಸಕ್ರಮವೆಂದೇ ಅರ್ಥವಲ್ಲವೇ?" ಎಂದು ಪತ್ನಿ ಕೇಳಿದರು. ಮಾರುವವರ ಮಧ್ಯವರ್ತಿ ಅವರಿಗೆ ಹಾಗೆಂದೇ ಹೇಳಿದ್ದರು. ತೆರಿಗೆಯವರು ಕಟ್ಟಡ ಇದೆಯೇ ಎಂದಷ್ಟೇ ನೋಡುತ್ತಾರೆ. ಅದು ಅಲ್ಲಿ ಇರಬಹುದೇ ಎಂದು ನೋಡುವ ಮೇಜು ಬೇರೆ. ಆ ಎರಡು ಮೇಜುಗಳ ನಡುವೆ ಎಷ್ಟೋ ವರ್ಷ ಮಾತುಕತೆಯೇ ನಡೆಯದಿರಬಹುದು.

ಕೊಳ್ಳುವ ಮೊದಲು ಕಟ್ಟಡಗಳನ್ನು ತಪಾಸಣೆ ಮಾಡಿಕೊಡುವುದು ನನ್ನ ಕೆಲಸ. ಈ ಪ್ರಕರಣವನ್ನು ಬರೆಯಲು ಕೊಂಡವರು, ಮಾರಿದವರು, ನೆರೆಯವರು ಮೂವರೂ ಒಪ್ಪಿದ್ದಾರೆ. ಊರು, ದೇಶ, ಹೆಸರುಗಳನ್ನು ಬಿಟ್ಟಿದ್ದೇನೆ; ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬೆಲೆಯ ವಿಷಯ ಬಂದಲ್ಲಿ, ಮಾರುವವರು ಮೊದಲು ಕೇಳಿದ ಮೊತ್ತವನ್ನು ನೂರು ಎಂದುಕೊಂಡು ಓದಬೇಕು.

ಹಿನ್ನೆಲೆ

ಸುಮಾರು ಎರಡು ಹೆಕ್ಟೇರ್ ಇಳಿಜಾರು ಜಮೀನು. ಕೆಳಗಡೆ ಒಂದು ತೊರೆ, ಮೇಲ್ಗಡೆ ಮರಗಳು. ತೊರೆಯ ಹತ್ತಿರ ಸಮತಟ್ಟಾದ ಜಾಗದಲ್ಲಿ ಮರದ ಮನೆ: ಒಂದು ಕೋಣೆ, ಪಡಸಾಲೆ, ಪಶ್ಚಿಮಕ್ಕೆ ಸೇರಿಸಿದ ಇನ್ನೊಂದು ಕೋಣೆ, ಮೂಲೆಯಲ್ಲಿ ಕಟ್ಟಿಗೆಯ ಒಲೆ, ಹಿಂದುಗಡೆ ಶೌಚಾಲಯ. ನೋಡಿದವರ ಮನಸ್ಸು ಕರಗುವಂಥದ್ದು. ಜಾಹೀರಾತಿನ ಹದಿನೆಂಟು ಚಿತ್ರಗಳಲ್ಲಿ ಹದಿನಾಲ್ಕು ಆ ಮನೆಯವೇ. ಹಾಗಿದ್ದೂ ಕರಡು ಕ್ರಯಪತ್ರದಲ್ಲಿ ಮನೆಯ ವಿಷಯಕ್ಕೆ ಸಿಕ್ಕಿದ್ದು ಒಂದೇ ಸಾಲು: "ಜಮೀನು ಹಾಗೂ ಅದರ ಮೇಲೆ ಇದ್ದದ್ದು ಇದ್ದ ಹಾಗೆ." ಚಿತ್ರದಲ್ಲಿ ಅಷ್ಟು ಉದಾರವಾಗಿ ಇದ್ದದ್ದು ಕರಾರಿನಲ್ಲಿ ಇಷ್ಟು ಬಿಗಿಯಾದಾಗ ಯಾರಾದರೂ ಒಮ್ಮೆ ನಿಂತು ಯೋಚಿಸಬೇಕು.

ಅದೇ ಪ್ರದೇಶದಲ್ಲಿ ಅಷ್ಟೇ ವಿಸ್ತಾರದ ಬರಿಯ ಜಮೀನು ಎಪ್ಪತ್ತರ ಆಸುಪಾಸಿನಲ್ಲಿ ಮಾರಾಟವಾಗುತ್ತಿತ್ತು. ಅಂದರೆ ಮರದ ಮನೆಗೆ ಮೂವತ್ತು ಕೊಡುತ್ತಿದ್ದಾರೆ ಎಂದಾಯಿತು. ಬ್ಯಾಂಕಿನವರು ಮಾತ್ರ ಆ ಮನೆಗೆ ಸೊನ್ನೆ ಬೆಲೆ ಕಟ್ಟಿ, ಬರಿಯ ಜಮೀನಿನ ಮೇಲೆ ಎಷ್ಟು ಸಾಲ ಕೊಡಬಹುದೋ ಅಷ್ಟೇ ಎಂದಿದ್ದರು. ದಂಪತಿ ಅದನ್ನು ಬ್ಯಾಂಕಿನ ಜುಗ್ಗತನ ಎಂದುಕೊಂಡಿದ್ದರು. ನನಗೆ ಅದು ಆ ವ್ಯವಹಾರದಲ್ಲಿ ಯಾರೋ ಒಬ್ಬರು ಹೇಳಿದ ಮೊದಲ ನೇರ ಮಾತಾಗಿ ಕಂಡಿತು.

ಮನೆ ಬೆಳೆದ ಬಗೆ

ಮಾರುವವರು ಸುಳ್ಳುಗಾರರಲ್ಲ. ಅವರು ಹೇಳಿದ್ದು ಇಷ್ಟು: ಇಪ್ಪತ್ತು ವರ್ಷಕ್ಕೂ ಹಿಂದೆ ಕಟ್ಟಿದ್ದು, ಆಗ ಪರವಾನಗಿ ಬೇಕಿರಲಿಲ್ಲ. ಇದರಲ್ಲಿ ಅರ್ಧ ನಿಜ.

ಮೊದಲು ಅಲ್ಲಿದ್ದದ್ದು ಹಾರೆ, ಗುದ್ದಲಿ ಇಡುವ ಒಂದು ಕೊಠಡಿ. ಇಷ್ಟು ಚಿಕ್ಕ ಕೊಠಡಿಗೆ ಪರವಾನಗಿ ಬೇಡ ಎನ್ನುವ ವಿನಾಯಿತಿ ಬಹಳ ಕಡೆ ಇದೆ. ಅಮೆರಿಕದ ಮಾದರಿ ವಸತಿ ಸಂಹಿತೆ 200 ಚದರ ಅಡಿಯವರೆಗಿನ ಒಂದಂತಸ್ತಿನ ಕೊಠಡಿಯನ್ನು ಹಾಗೆ ಬಿಡುತ್ತದೆ. ಆದರೆ ಆ ವಿನಾಯಿತಿ ಸಾಮಾನು ಇಡುವ ಕೊಠಡಿಗೆ. ಅದರೊಳಗೆ ಹಾಸಿಗೆ ಬಂದರೆ, ಒಲೆ ಬಂದರೆ, ಶೌಚಾಲಯ ಬಂದರೆ ಅದು ವಾಸದ ಮನೆಯಾಗುತ್ತದೆ; ಅಳತೆ ಅಷ್ಟೇ ಇದ್ದರೂ ಲೆಕ್ಕ ಬದಲಾಗುತ್ತದೆ. ಇಲ್ಲಿ ಮೂರೂ ಬಂದಿದ್ದವು, ಒಂದೊಂದು ವರ್ಷ ಒಂದೊಂದು. ಮಕ್ಕಳು ಬಂದು ಉಳಿಯಲು ಆರಂಭಿಸಿದಾಗ ಪಶ್ಚಿಮದ ಕೋಣೆ. ಯಾರೂ ಒಂದು ದಿನ ಕೂತು ಅಕ್ರಮ ಮನೆ ಕಟ್ಟೋಣ ಎಂದು ತೀರ್ಮಾನಿಸಿರಲಿಲ್ಲ.

ಯಾವ ಭಾಗ ಎಂದು ಕಟ್ಟಿದ್ದು ಎಂಬುದನ್ನು ತಿಳಿಯಲು ನಾನು ಗೂಗಲ್ ಅರ್ಥ್‌ನ ಹಳೆಯ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದೆ. ಆರು ವರ್ಷ ಹಿಂದಿನ ಚಿತ್ರದಲ್ಲಿ ಪಶ್ಚಿಮದ ಕೋಣೆ ಇರಲೇ ಇಲ್ಲ, ಅಲ್ಲೊಂದು ಮರವಿತ್ತು. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ. ಇದೇ ಚಿತ್ರಗಳನ್ನು ಅಧಿಕಾರಿಗಳೂ ನೋಡಬಲ್ಲರು. ನಿಯಮ ಜಾರಿಗೆ ಬರುವ ಮುಂಚೆ ಇದ್ದ ಕಟ್ಟಡಕ್ಕೆ ಸಿಗುವ ರಕ್ಷಣೆ ಆಗ ಇದ್ದಷ್ಟಕ್ಕೆ ಮಾತ್ರ. ಆಮೇಲೆ ಸೇರಿಸಿದ ಭಾಗ ಹಳೆಯದರ ಬೆನ್ನಿಗೆ ಅಂಟಿಕೊಂಡು ಪಾರಾಗುವುದಿಲ್ಲ.

ಇಲ್ಲೇ ಇನ್ನೊಂದು ನಂಬಿಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರೂ ಕೇಳದಿದ್ದರೆ ಮುಂದೆಯೂ ಕೇಳುವಂತಿಲ್ಲ ಎಂದು ಜನ ನಂಬುತ್ತಾರೆ. ಕೆಲವು ದೇಶಗಳಲ್ಲಿ ಅಂಥ ಗಡುವು ಇದೆ, ಆದರೆ ಅದು ಜನ ಎಣಿಸಿದಷ್ಟು ಸಡಿಲವಲ್ಲ. ಇಂಗ್ಲೆಂಡಿನಲ್ಲಿ ನಾಲ್ಕು ವರ್ಷವಿದ್ದ ಗಡುವನ್ನು 2024ರಲ್ಲಿ ಹತ್ತಕ್ಕೆ ಏರಿಸಿದರು. ಅದಕ್ಕೂ ಮುಂಚೆ ಸರ್ರೆ ಪ್ರಾಂತ್ಯದ ರೈತನೊಬ್ಬ ಕೋಟೆಯಂಥ ಮನೆ ಕಟ್ಟಿ, ನಾಲ್ಕು ವರ್ಷ ತುಂಬುವವರೆಗೆ ಅದನ್ನು ಹುಲ್ಲಿನ ಹೊರೆಗಳ ಹಿಂದೆ ಬಚ್ಚಿಟ್ಟಿದ್ದ. ಬಚ್ಚಿಟ್ಟ ಕಾಲವನ್ನು ಲೆಕ್ಕಕ್ಕೆ ಹಿಡಿಯಲು ನ್ಯಾಯಾಲಯ ಒಪ್ಪಲಿಲ್ಲ. 2016ರಲ್ಲಿ ಅದನ್ನು ಕೆಡವಬೇಕಾಯಿತು.

ತಪಾಸಣೆಯಲ್ಲಿ ಕಂಡದ್ದು

ಕಂಬಗಳನ್ನು ನೇರ ಮಣ್ಣಿನಲ್ಲಿ ಹೂತಿದ್ದರು. ಮರ ಕೊಳೆಯುವುದು ಆಳದಲ್ಲಿ ಅಲ್ಲ, ನೆಲಮಟ್ಟದಲ್ಲಿ; ತೇವ, ಗಾಳಿ ಎರಡೂ ಸಿಗುವುದು ಅಲ್ಲಿ. ಸ್ಕ್ರೂಡ್ರೈವರ್ ಒತ್ತಿದರೆ ಆರು ಕಂಬಗಳಲ್ಲಿ ಎರಡಕ್ಕೆ ಬೆರಳುದ್ದ ಒಳಗಿಳಿಯಿತು. ವೈರಿಂಗ್ ಹಲಗೆಗಳ ಹಿಂದೆ, ಅರ್ಥಿಂಗ್ ಇಲ್ಲ. ಒಲೆಯ ಹೊಗೆಕೊಳವೆ ಗೋಡೆಯ ಹಲಗೆಗೆ ಒಂದು ಗೇಣಿನಷ್ಟು ಹತ್ತಿರವಿತ್ತು; ಅಲ್ಲಿನ ಹಲಗೆ ಕಂದುಬಣ್ಣಕ್ಕೆ ತಿರುಗಿತ್ತು. ವರ್ಷಗಟ್ಟಲೆ ಹೀಗೆ ಬಿಸಿಯುಂಡ ಮರ ಹೊಸ ಮರಕ್ಕಿಂತ ಕಡಿಮೆ ಶಾಖದಲ್ಲೇ ಹೊತ್ತಿಕೊಳ್ಳಬಲ್ಲದು. ಇಪ್ಪತ್ತು ವರ್ಷ ಏನೂ ಆಗಿಲ್ಲ ಎಂದು ಮಾರುವವರು ಹೇಳಿದಾಗ ನನಗೆ ಭಯವಾಗಿದ್ದು ಅದೇ ಇಪ್ಪತ್ತು ವರ್ಷಕ್ಕೆ.

ಇವೆಲ್ಲ ದುರಸ್ತಿಯಾಗುವ ಸಂಗತಿಗಳು. ಕಟ್ಟಡದ ದೋಷ ಹಣದಿಂದ ಸರಿಯಾಗುತ್ತದೆ, ಜಾಗದ ದೋಷ ಹಾಗಲ್ಲ. ಅಳತೆಪಟ್ಟಿ ಹಿಡಿದಾಗ ಪಶ್ಚಿಮದ ಕೋಣೆಯ ಮೂಲೆ ತೊರೆಯ ದಡದಿಂದ ಒಂಬತ್ತು ಮೀಟರ್ ದೂರದಲ್ಲಿತ್ತು. ಅಲ್ಲಿನ ನಿಯಮ ಕೇಳುತ್ತಿದ್ದದ್ದು ಹದಿನೈದು. ಶೌಚಾಲಯದ ಗುಂಡಿಗೆ ತಳವೇ ಇರಲಿಲ್ಲ, ನೀರು ನೇರ ಮಣ್ಣಿಗೆ ಇಂಗುತ್ತಿತ್ತು. ಅದರಿಂದ ಇಪ್ಪತ್ತೆರಡು ಮೀಟರ್ ಇಳಿಜಾರಿನಲ್ಲಿ ಗಡಿಯಾಚೆ ನೆರೆಮನೆಯ ಬಾವಿ. ಶೌಚದ ನೀರು ಇಂಗುವ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ಸಾಮಾನ್ಯವಾಗಿ 30 ಮೀಟರ್ ಅಂತರ ಕೇಳುತ್ತಾರೆ, ಕೆಲವೆಡೆ 50. ಅಂತರ ಎಷ್ಟಿದ್ದರೂ ಬಾವಿ ಇಳಿಜಾರಿನ ಕೆಳಗಿದ್ದರೆ ಅಪಾಯ ಇನ್ನೂ ಹೆಚ್ಚು.

ಕಟ್ಟಡ ಪರವಾನಗಿ ಕಚೇರಿಗೆ ಹೋಗಬೇಕೇ?

ಇಡೀ ಪ್ರಕರಣದಲ್ಲಿ ನಾವು ಅತಿ ಹೆಚ್ಚು ಹೊತ್ತು ಚರ್ಚಿಸಿದ್ದು ಈ ಪ್ರಶ್ನೆಯನ್ನು. ಮಧ್ಯವರ್ತಿಯ ಸಲಹೆ ಸ್ಪಷ್ಟವಾಗಿತ್ತು: "ಮಲಗಿದ್ದನ್ನು ಎಬ್ಬಿಸಬೇಡಿ. ಕೊಂಡ ಮೇಲೆ ನಿಧಾನವಾಗಿ ನೋಡಿಕೊಳ್ಳಿ." ಪತಿಗೆ ಅದು ಸರಿಯೆನಿಸಿತು. ಪತ್ನಿ ಒಪ್ಪಲಿಲ್ಲ. "ಎದ್ದರೆ ಕಚ್ಚುವುದು ಯಾರನ್ನು? ಆಗ ಮಾಲೀಕರು ನಾವಲ್ಲವೇ?" ಎಂದರು.

ಅವರ ಮಾತು ಕಾನೂನಿನ ದೃಷ್ಟಿಯಿಂದಲೂ ಸರಿಯಿತ್ತು. ತೆರವು ನೋಟಿಸು ಸಾಮಾನ್ಯವಾಗಿ ಆಸ್ತಿಯನ್ನು ಹಿಂಬಾಲಿಸುತ್ತದೆ, ಕಟ್ಟಿದವರನ್ನಲ್ಲ. ಕ್ರಯಪತ್ರಕ್ಕೆ ಸಹಿ ಹಾಕಿದ ಮರುದಿನ ನೋಟಿಸು ಬಂದರೂ ಅದು ಹೊಸ ಮಾಲೀಕರದ್ದೇ.

ಆದರೆ ಕೊಳ್ಳುವವರು ಮಾರುವವರ ಒಪ್ಪಿಗೆಯಿಲ್ಲದೆ ಕಚೇರಿಗೆ ಹೋಗಿ ವಿಳಾಸ ಹೇಳಿಬಿಟ್ಟರೆ, ಇನ್ನೊಬ್ಬರ ಆಸ್ತಿಯ ಮೇಲೆ ಕಡತ ತೆರೆಯಿಸಿದಂತೆ. ವ್ಯವಹಾರ ಮುರಿದು ಬಿದ್ದರೆ ಅದರ ಫಲ ಉಣ್ಣುವವರು ಮಾರುವವರು. ಕಾನೂನು ತಡೆಯದಿದ್ದರೂ ನನಗೆ ಅದು ಒಪ್ಪಿತವಾಗಲಿಲ್ಲ. ಕೊನೆಗೆ ಮೂರು ಮೆಟ್ಟಿಲು ಇಟ್ಟುಕೊಂಡೆವು. ಮೊದಲು ವಿಳಾಸ ಹೇಳದೆ ಸಾಮಾನ್ಯ ಪ್ರಶ್ನೆಗಳು: ತೊರೆಯಿಂದ ಎಷ್ಟು ದೂರ, ಕಟ್ಟಿದ ಮೇಲೆ ಪರವಾನಗಿ ಕೇಳಲು ಅವಕಾಶವಿದೆಯೇ, ದಂಡ ಹೇಗೆ ಲೆಕ್ಕ ಹಾಕುತ್ತಾರೆ. ಎರಡನೆಯದಾಗಿ ಯಾರು ಬೇಕಾದರೂ ನೋಡಬಹುದಾದ ಪರವಾನಗಿ ಕಡತ. ಅದರಲ್ಲಿ ಈ ಜಮೀನಿನ ಹೆಸರಿನಲ್ಲಿ ಒಂದು ಹಾಳೆಯೂ ಇರಲಿಲ್ಲ. ಮೂರನೆಯದು, ಮಾರುವವರ ಲಿಖಿತ ಒಪ್ಪಿಗೆಯೊಡನೆ ನಕ್ಷೆ ಹಿಡಿದು ಅಧಿಕಾರಿಯ ಭೇಟಿ.

ಮೂರನೆಯದಕ್ಕೆ ಮಾರುವವರು ಸುತರಾಂ ಒಪ್ಪಲಿಲ್ಲ. ಅಲ್ಲಿಗೆ ವ್ಯವಹಾರ ಐದು ವಾರ ನಿಂತುಹೋಯಿತು.

ನೆರೆಯವರು

ನಿಂತ ವ್ಯವಹಾರ ಮತ್ತೆ ಚಲಿಸಿದ್ದು ನಾವು ಯೋಚಿಸಿರದ ಕಡೆಯಿಂದ. ಸರ್ವೇ ನಕ್ಷೆಯಲ್ಲಿ ಜಮೀನಿಗೆ ರಸ್ತೆಯಿಂದ ದಾರಿಯೇ ಇರಲಿಲ್ಲ. ಎಲ್ಲರೂ ಓಡಾಡುತ್ತಿದ್ದ ಗಾಡಿದಾರಿ ನೆರೆಮನೆಯವರ ಜಮೀನಿನ ಮೇಲೆ ಹಾದುಹೋಗುತ್ತಿತ್ತು. ಅದಕ್ಕೆ ನೋಂದಾಯಿತ ಹಕ್ಕಿರಲಿಲ್ಲ, ಬಾಯಿಮಾತಿನ ಅನುಮತಿ ಮಾತ್ರ. ದಾರಿಯ ವಿಷಯ ಕೇಳಲು ಪತ್ನಿ ಆ ಮನೆಗೆ ಹೋದರು. ನಾನೂ ಜೊತೆಗಿದ್ದೆ.

ಬಾಗಿಲು ತೆರೆದವರು ವಯಸ್ಸಾದ ಮಹಿಳೆ. ದಾರಿಯ ಮಾತು ಮುಗಿಯುವವರೆಗೂ ಸುಮ್ಮನೆ ಕೇಳಿ, ಬಳಿಕ ಒಳಗಿನಿಂದ ಒಂದು ಪ್ರಯೋಗಾಲಯದ ವರದಿ ತಂದರು. ಅವರ ಬಾವಿಯ ನೀರಿನದ್ದು. ಕುಡಿಯುವ ನೀರಿನ ನೂರು ಮಿಲಿಲೀಟರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಆ ವರದಿಯಲ್ಲಿ ಇದ್ದದ್ದು ಎರಡಂಕಿಯ ಸಂಖ್ಯೆ. ಪರೀಕ್ಷೆ ಮಾಡಿಸಿ ಎರಡು ವರ್ಷವಾಗಿತ್ತು. ಅಂದಿನಿಂದ ಅವರು ನೀರು ಕಾಯಿಸಿ ಕುಡಿಯುತ್ತಿದ್ದರು.

"ದೂರು ಕೊಡಲಿಲ್ಲವೇ?" ಎಂದು ಕೇಳಿದೆ.

"ಅವರ ಮಕ್ಕಳನ್ನು ಎತ್ತಿ ಆಡಿಸಿದವಳು ನಾನು. ಹೇಗೆ ಕೊಡಲಿ? ಮಾರುತ್ತಾರೆಂದು ಗೊತ್ತಾಯಿತು. ಮಾರಿದ ಮೇಲೆ ಕೊಡೋಣ ಎಂದುಕೊಂಡೆ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ.

ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ ಎಂಬ ಮಾತಿನ ಒಳಗುಟ್ಟು ಇಲ್ಲಿತ್ತು. ಕಚೇರಿಗೆ ಗೊತ್ತಿರಲಿಲ್ಲ, ಸರಿ. ಗೊತ್ತಿದ್ದ ಒಬ್ಬರು ಸಂಬಂಧ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರು. ಆ ಮೌನ ಹಳೆಯ ಮಾಲೀಕರಿಗೆ ಸಲ್ಲುತ್ತಿದ್ದದ್ದು. ಜಮೀನಿನ ಜೊತೆ ಅದು ವರ್ಗಾವಣೆಯಾಗುವುದಿಲ್ಲ. ನಾನು ಕಂಡ ಅಕ್ರಮ ಕಟ್ಟಡಗಳ ಪೈಕಿ ಹೆಚ್ಚಿನವು ಬಯಲಾಗಿದ್ದು ಅಧಿಕಾರಿಯ ಗಸ್ತಿನಿಂದಲ್ಲ, ಅಕ್ಕಪಕ್ಕದವರ ಒಂದು ಕಾಗದದಿಂದ. ಹೀಗಿದ್ದೂ ನೆರೆಯವರನ್ನು ಮಾತಾಡಿಸುವ ಕೆಲಸವನ್ನು ಆವರೆಗೆ ನನ್ನ ತಪಾಸಣೆಯ ಪಟ್ಟಿಯಲ್ಲಿ ಕೊನೆಗಿಟ್ಟಿದ್ದೆ. ಈಗ ಅದು ಮೊದಲನೆಯದು, ಅಳತೆಪಟ್ಟಿಗೂ ಮುಂಚೆ.

ಆ ವರದಿಯ ಪ್ರತಿಯನ್ನು ಮಾರುವವರಿಗೆ ತೋರಿಸಿದೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ನಂತರ ಅವರ ವಕೀಲರು ಇನ್ನೊಂದು ಅಂಶವನ್ನೂ ತಿಳಿಸಿದರು: ದೋಷ ತಿಳಿದ ಮೇಲೆ ಅದನ್ನು ಮುಂದಿನ ಯಾವ ಕೊಳ್ಳುವವರಿಂದಲೂ ಅಲ್ಲಿನ ಕಾನೂನಿನ ಪ್ರಕಾರ ಮುಚ್ಚಿಡುವಂತಿಲ್ಲ. ನಮ್ಮನ್ನು ಕಳುಹಿಸಿಬಿಟ್ಟರೂ ಸಮಸ್ಯೆ ಹೋಗುವುದಿಲ್ಲ ಎಂದಾಯಿತು. ವಾರದೊಳಗೆ ಒಪ್ಪಿಗೆ ಪತ್ರ ಬಂತು.

ಕರಾರು

ಕರಾರನ್ನು ಹೊಸದಾಗಿ ಬರೆದರು. ಅರ್ಜಿ ಹಾಕುವವರು ಮಾರುವವರು, ಅವರದ್ದೇ ಹೆಸರಿನಲ್ಲಿ, ಕ್ರಯ ಮುಗಿಯುವ ಮೊದಲು. ಕಚೇರಿಯ ಲಿಖಿತ ತೀರ್ಮಾನ ಬರುವವರೆಗೆ ಮುಂಗಡ ಮೂರನೆಯವರ ಖಾತೆಯಲ್ಲಿ. ಜಮೀನಿನ ಮೇಲೆ ಎಲ್ಲಿಯೂ ವಾಸದ ಮನೆಗೆ ಅನುಮತಿ ಸಿಗದೆಂದಾದರೆ ಮುಂಗಡ ಪೂರ್ತಿ ವಾಪಸು. ಕೊನೆಯ ಷರತ್ತು ನನ್ನದು, ಈ ಕರಾರಿನಲ್ಲಿ ನಾನು ಹೆಚ್ಚು ಬೆಲೆ ಕೊಡುವುದೂ ಅದಕ್ಕೇ. ಆ ಮರದ ಮನೆ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಜನ ಅಂಟಿಕೊಳ್ಳುತ್ತಾರೆ. ಅದು ನಾಳೆ ಸುಟ್ಟುಹೋದರೆ ಈ ಜಮೀನಿನಲ್ಲಿ ಇನ್ನೊಂದನ್ನು ಕಟ್ಟಲು ಬಿಡುತ್ತಾರೆಯೇ ಎಂದು ಕೇಳಿದರೆ ಉತ್ತರದ ತೂಕವೇ ಬೇರೆ. ಮಣ್ಣು, ನೀರು, ದಾರಿ, ಅಂತರ ಈ ನಾಲ್ಕೂ ಹೊಂದಿದರೆ ಮನೆಯ ಕಥೆ ಏನಾದರೂ ಜಮೀನು ಉಳಿಯುತ್ತದೆ.

ಬೆಲೆಯ ಲೆಕ್ಕ ಬೇಗ ಮುಗಿಯಿತು. ಈಗಿನ ಮನೆಯನ್ನು ಇದ್ದಲ್ಲಿಯೇ ಸಕ್ರಮ ಮಾಡಲು ಮೂವತ್ತೈದಕ್ಕಿಂತ ಕಡಿಮೆಯಾಗದು, ಅದೂ ಅನುಮತಿ ಸಿಕ್ಕರೆ: ಗೋಡೆಯ ಹಲಗೆ ಬಿಚ್ಚಿ ಒಳಗಿನ ವೈರು, ತೊಲೆಗಳನ್ನು ತೋರಿಸಬೇಕು, ಅಡಿಪಾಯ ಹೊಸದಾಗಬೇಕು. ಸೇರಿಸಿದ ಭಾಗವನ್ನು ಕೆಡವಿ ಸಾಗಿಸಲು ಎಂಟು. ಹಾಗಾಗಿ ಮೂವತ್ತು ಎಂದು ಬೆಲೆ ಕಟ್ಟಿದ್ದ ಮನೆ ಕಾಗದದ ಮೇಲೆ ಎಂಟರ ಸಾಲವಾಗಿ ನಿಂತಿತು. ಚೌಕಾಸಿಯ ನಂತರ ಒಟ್ಟು ಬೆಲೆ ಅರವತ್ತಾರಕ್ಕೆ ಬಂದು ನಿಂತಿತು.

ನನ್ನ ತಪ್ಪು

ಶೌಚದ ನೀರು ಇಂಗಿಸಲು ಹೊಸ ಜಾಗ ಬೇಕಿತ್ತು. ಇಳಿಜಾರಿನ ನಡುಮಟ್ಟದಲ್ಲಿ ಜಾಗ ಗುರುತಿಸಿ ಇಂಗುವಿಕೆಯ ಪರೀಕ್ಷೆ ಮಾಡಿದೆ. ಕ್ರಮ ಸರಳ: ಗುಂಡಿ ತೋಡಿ, ಮಣ್ಣು ಪೂರ್ತಿ ನೆನೆಯುವವರೆಗೆ ನೀರು ತುಂಬಿ, ಮತ್ತೆ ತುಂಬಿದ ನೀರು ಒಂದು ಅಂಗುಲ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದು. ಗಂಟೆಗಿಂತ ಹೆಚ್ಚು ಹಿಡಿದರೆ ಜಿಗುಟು ಮಣ್ಣು, ಪ್ರಯೋಜನವಿಲ್ಲ. ಒಂದೆರಡು ನಿಮಿಷದಲ್ಲೇ ಇಳಿದುಹೋದರೆ ಅದೂ ಒಳ್ಳೆಯದಲ್ಲ, ಏಕೆಂದರೆ ಮಣ್ಣು ನೀರನ್ನು ಸೋಸುವ ಮುಂಚೆಯೇ ಅದು ಅಂತರ್ಜಲ ಸೇರುತ್ತದೆ. ನಮಗೆ ಇಪ್ಪತ್ತು ನಿಮಿಷ ಬಂತು. ಎಲ್ಲರೂ ಖುಷಿಪಟ್ಟರು. ಅದು ಒಣಗಾಲ.

ಕಚೇರಿಯವರು ಮಳೆಗಾಲದಲ್ಲಿ ಇನ್ನೊಮ್ಮೆ ನೋಡಬೇಕೆಂದರು. ಆಗ ಅದೇ ಜಾಗದಲ್ಲಿ ತೋಡಿದ ಗುಂಡಿಯಲ್ಲಿ ಅರವತ್ತು ಸೆಂಟಿಮೀಟರಿಗೇ ನೀರು ನಿಂತಿತ್ತು. ಜಾಗ ಅನರ್ಹವಾಯಿತು. ಇಂಗುಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ ಒಣಮಣ್ಣಿನ ಪದರ ಇರಲೇಬೇಕು.

ಒಣಗಾಲದಲ್ಲೂ ಇದನ್ನು ಕಂಡುಹಿಡಿಯಬಹುದಿತ್ತು ಎಂಬುದು ನನ್ನನ್ನು ಇಂದಿಗೂ ಕೊರೆಯುವ ವಿಷಯ. ವರ್ಷದಲ್ಲಿ ಕೆಲವು ತಿಂಗಳು ನೀರಿನಲ್ಲಿ ಮುಳುಗುವ ಮಣ್ಣಿನಲ್ಲಿ ಬೂದುಬಣ್ಣದ, ತುಕ್ಕುಬಣ್ಣದ ಮಚ್ಚೆಗಳು ಮೂಡುತ್ತವೆ. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ಸಿಕ್ಕಾಗ ಒಂದು ಬಣ್ಣ, ಸಿಗದಾಗ ಇನ್ನೊಂದು. ಆಳವಾದ ಗುಂಡಿ ತೋಡಿ ಅದರ ಗೋಡೆ ನೋಡಿದ್ದರೆ ಮಚ್ಚೆಗಳು ಕಣ್ಣಿಗೆ ಬೀಳುತ್ತಿದ್ದವು. ನಾನು ಪರೀಕ್ಷೆಗೆ ಬೇಕಾದಷ್ಟೇ ಚಿಕ್ಕ ಗುಂಡಿ ತೋಡಿ, ಗಡಿಯಾರ ನೋಡುತ್ತಾ ಕೂತಿದ್ದೆ. ಇನ್ನೂ ನಲವತ್ತು ಮೀಟರ್ ಮೇಲಕ್ಕೆ ಹೋಗಿ, ಮರಳು ತಂದು ಎತ್ತರಿಸಿದ ದಿಬ್ಬದಲ್ಲಿ ನೀರು ಇಂಗಿಸುವ ವ್ಯವಸ್ಥೆ ಮಾಡಬೇಕಾಯಿತು. ಐದು ಎಂದಿದ್ದ ಖರ್ಚು ಒಂಬತ್ತಾಯಿತು. ನನ್ನ ಶುಲ್ಕದಲ್ಲಿ ಅರ್ಧ ಬಿಟ್ಟುಕೊಟ್ಟೆ. ಅದರಿಂದ ಲೆಕ್ಕ ಸರಿಹೋಗಲಿಲ್ಲ.

ಏನಾಯಿತು

ಒಪ್ಪಿಗೆ ಪತ್ರ ಬಂದ ದಿನದಿಂದ ಕಚೇರಿಯ ತೀರ್ಮಾನಕ್ಕೆ ಹದಿನಾಲ್ಕು ತಿಂಗಳು. ಮಧ್ಯವರ್ತಿ ಹೆದರಿಸಿದ್ದಷ್ಟು ಕಠಿಣವಾಗಿರಲಿಲ್ಲ ಅದು. ತಾವಾಗಿ ಬಂದವರಿಗೆ ದಂಡ ಹಾಕಲಿಲ್ಲ, ಮಾಮೂಲು ಅರ್ಜಿ ಶುಲ್ಕ ಮಾತ್ರ. ಹಳೆಯ ಕೊಠಡಿ ಸಾಮಾನು ಇಡಲು ಮಾತ್ರ ಉಳಿಯಬಹುದು. ಪಶ್ಚಿಮದ ಕೋಣೆ ಹೋಗಬೇಕು. ಒಲೆ, ಹೊಗೆಕೊಳವೆ ತೆಗೆಯಬೇಕು. ಹಳೆಯ ಶೌಚಗುಂಡಿಯನ್ನು ಬರಿದುಮಾಡಿ ಮುಚ್ಚಬೇಕು. ಮೇಲ್ಗಡೆ, ಹೊಸ ಇಂಗುದಿಬ್ಬದ ಬಳಿ ಚಿಕ್ಕ ಮನೆಗೆ ಪರವಾನಗಿ ಕೊಡಬಹುದು. ನೆರೆಯವರು ಗಾಡಿದಾರಿಯ ಹಕ್ಕನ್ನು ನೋಂದಣಿ ಮಾಡಿಕೊಟ್ಟರು; ಅವರು ಬದಲಿಗೆ ಕೇಳಿದ್ದು ಒಂದೇ, ಗುಂಡಿ ಮುಚ್ಚುವ ಕೆಲಸ ಮೊದಲು ಆಗಲಿ ಎಂದು. ಹಾಗೆಯೇ ಆಯಿತು. ಬಾವಿಯನ್ನು ಕ್ಲೋರಿನ್ ಹಾಕಿ ಶುದ್ಧಗೊಳಿಸಿದ ನಂತರದ ಮೊದಲ ಮಾದರಿಯಲ್ಲಿ ಇ. ಕೋಲಿ ಇನ್ನೂ ಇತ್ತು. ನಾಲ್ಕು ತಿಂಗಳ ಬಳಿಕ ತೆಗೆದ ಎರಡು ಮಾದರಿಗಳಲ್ಲಿ ಕಾಣಲಿಲ್ಲ.

ಪತಿ ಈಗಲೂ ಕೆಲವೊಮ್ಮೆ ಹೇಳುತ್ತಾರೆ, ಆ ಪಶ್ಚಿಮದ ಕೋಣೆಯ ಕಿಟಕಿಯಿಂದ ತೊರೆ ಕಾಣುತ್ತಿದ್ದ ಹಾಗೆ ಹೊಸ ಮನೆಯಿಂದ ಕಾಣುವುದಿಲ್ಲ ಎಂದು. ಅದು ನಿಜ. ಹೊಸ ಮನೆಯ ಅಡಿಪಾಯ ಮುಗಿದಿದೆ, ಗೋಡೆ ಏಳಬೇಕು. ಕೆಳಗಿನ ಕೊಠಡಿಯ ಅನುಮತಿ ಪತ್ರದಲ್ಲಿ "ಹಾಸಿಗೆ ಅಥವಾ ಮಲಗುವ ವ್ಯವಸ್ಥೆ ಇರತಕ್ಕದ್ದಲ್ಲ" ಎಂಬ ಷರತ್ತಿದೆ. ಅಗಲವಾದ ಮರದ ಬೆಂಚೊಂದನ್ನು ಇಡಬಹುದೇ ಎಂದು ಪತ್ನಿ ಕಚೇರಿಗೆ ಬರೆದು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.